ಹುರ್ಮತ್ ಕಂಡ ಮುತ್ತಿನ ಮಸೀದಿ

ಇಪ್ಪತ್ತಾರು ತುಂಬುವಷ್ಟರಲ್ಲಿ ಹುರ್ಮತ್ ಆಗ್ರಾದ ಮೋತಿ ಮಸೀದಿಗೆ ಮೂವತ್ತೊಂದು ಸಲ ಬಣ್ಣ ಹಾಕಿದ್ದಳು. ಒಂದು ಸಲವೂ ಅದನ್ನು ಕಣ್ಣಾರೆ ನೋಡಿರಲಿಲ್ಲ.

ದೂರವೇನಿರಲಿಲ್ಲ. ತಾಜಗಂಜದ ಮನೆಯಿಂದ ಜಮುನೆಯ ದಂಡೆ ಹಿಡಿದು ನಡೆದರೆ ಅರ್ಧ ಹರದಾರಿ. ತಾಜಮಹಲಿನ ಗುಮ್ಮಟವಾದರೆ ಮಾಳಿಗೆ ಹತ್ತಿದರೆ ಸಾಕು, ಒಣಹಾಕಿದ ಬಟ್ಟೆಗಳ ಮೇಲಿಂದ ಕಾಣುತ್ತಿತ್ತು. ಓಣಿಯ ಮಕ್ಕಳು ಅದರತ್ತ ತಿರುಗಿಯೂ ನೋಡದೆ ಗಾಳಿಪಟ ಹಾರಿಸುತ್ತಿದ್ದರು. ಮೋತಿ ಮಸೀದಿ ಹಾಗಲ್ಲ. ಅದು ಕೋಟೆಯ ಒಳಗೆ, ಕೆಂಪು ಗೋಡೆಗಳ ಮರೆಯಲ್ಲಿತ್ತು. ಕೋಟೆಯಿಂದ ಬಾದಶಹರು ಹೋಗಿ, ಜಾಟರು ಹೋಗಿ, ಮರಾಠರು ಹೋಗಿ, ಕಂಪನಿಯ ಪಲ್ಟನ್ನು ಬಂದು ಕೂತು ಇಪ್ಪತ್ತು ವರ್ಷವಾಗಿತ್ತು. ಬಂದೂಕು ಹಿಡಿದವರು ಬಾಗಿಲು ಕಾಯುವ ಜಾಗಕ್ಕೆ ಮರ್ಯಾದಸ್ತರ ಮನೆಯ ಹೆಂಗಸು ಹೋಗುವುದುಂಟೆ?

ತಂದೆ ಬಾಕರ್ ಅಲಿ ಕಟ್ಟಡಗಳ ನಕ್ಷೆ ಬರೆಯುವವರು. ಅವರ ಮನೆತನದವರು ಹಿಂದೆ ಹಾಲುಗಲ್ಲನ್ನು ಕೊರೆದು ಅದರಲ್ಲಿ ಬಣ್ಣದ ಕಲ್ಲಿನ ಹೂ ಕೂರಿಸುತ್ತಿದ್ದರು. ಕಟ್ಟಿಸುವ ಕೈಗಳು ಇಲ್ಲವಾದ ಮೇಲೆ ಕಲ್ಲು ಬಿಟ್ಟು ಕಾಗದಕ್ಕೆ ಇಳಿದರು. ಆಗ್ರಾಕ್ಕೆ ಬರುವ ಸಾಹೇಬರುಗಳಿಗೆ, ತಾವು ಕಂಡ ಗೋರಿಯನ್ನೋ ಮಸೀದಿಯನ್ನೋ ಸುರುಳಿ ಸುತ್ತಿ ತಮ್ಮ ಊರಿಗೆ ಒಯ್ಯುವ ಹುಚ್ಚು. ಬಾಕರ್ ಮಿಯಾ ಅಳೆದು ಗೆರೆ ಎಳೆಯುವರು, ಮಗಳು ಬಣ್ಣ ತುಂಬುವಳು. ಆದರೆ ಮಗಳು ತುಂಬುತ್ತಾಳೆ ಎನ್ನುವುದು ಮನೆಯ ಹೊಸ್ತಿಲು ದಾಟಿ ಹೋಗಿರಲಿಲ್ಲ. ಊರಿನವರು ಅದನ್ನು 'ಬಾಕರ್ ಮಿಯಾನ ಬಿಳುಪು' ಎನ್ನುತ್ತಿದ್ದರು. ಬೇರೆ ಚಿತ್ರಗಾರರು ಹಾಲುಗಲ್ಲಿಗೆ ಸಫೇದಾ ಎಂಬ ಬಿಳಿಬಣ್ಣ ಬಳಿದರೆ ಅದು ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿತ್ತು. ಬಾಕರ್ ಮಿಯಾನ ಹಾಳೆಯಲ್ಲಿ ಮಾತ್ರ ಕಲ್ಲು ಕಲ್ಲಾಗಿಯೇ ಇರುತ್ತಿತ್ತು.

ಗುಟ್ಟು ಇಷ್ಟೆ. ಹುರ್ಮತ್ ಬಿಳಿಯನ್ನು ಬಳಿಯುತ್ತಲೇ ಇರಲಿಲ್ಲ. ಕಾಗದವನ್ನು ಅಕೀಕಿನ ಕಲ್ಲಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಿ, ಬಿಳಿ ಇರಬೇಕಾದ ಕಡೆ ಅದನ್ನು ಹಾಗೆಯೇ ಬಿಟ್ಟು, ನೆರಳಿರುವ ಕಡೆ ಮಾತ್ರ ಅಳಿಲಿನ ಕೂದಲಿನ ಕುಂಚದಿಂದ ಬೂದುಬಣ್ಣದ ನೀರನ್ನು ಸೋಕಿಸುತ್ತಿದ್ದಳು. ಏಳನೆಯ ವಯಸ್ಸಿನಲ್ಲಿ ತಂದೆಯ ಹಾಳೆಯ ಅಂಚಿಗೆ ಎಲೆ ತುಂಬಲು ಕೂತವಳು ಅವಳು. ಹದಿನಾರಕ್ಕೆ ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬನಿಗೆ ಕೊಟ್ಟು ನಿಕಾಹ್ ಮಾಡಿದರು. ಎರಡು ವರ್ಷಕ್ಕೆ ವಾಂತಿಭೇದಿಯ ಬೇನೆ ಬಂದು ಆತ ತೀರಿಕೊಂಡ. ಮರಳಿ ಬಂದವಳು ಅಳುವುದು ಮುಗಿದ ಮೇಲೆ ಮತ್ತೆ ಕುಂಚ ಹಿಡಿದಳು. ತಾಯಿ ಇರಲಿಲ್ಲ. ಮನೆಯನ್ನು ನಡೆಸುತ್ತಿದ್ದವಳು ತಂದೆಯ ಅಕ್ಕ ನಸೀಬನ್ ಫುಫ್ಫಿ. ಅವಳ ಬಾಯಿಗೆ ಓಣಿಯ ನೀರು ಹೊರುವವನಿಂದ ಹಿಡಿದು ಮಸೀದಿಯ ಮೌಲವಿಯವರೆಗೆ ಎಲ್ಲರೂ ಹೆದರುತ್ತಿದ್ದರು.

ಆ ವರ್ಷ ಮಳೆಗಾಲದ ಮೊದಲಿಗೆ ಕೋಟೆಗೆ ಹೊಸ ಎಂಜಿನಿಯರ್ ಸಾಹೇಬನೊಬ್ಬ ಬಂದ. ಅವನ ಕಚೇರಿಯ ಮುನ್ಶಿ ಬೇನಿಪ್ರಸಾದ ಬಾಕರ್ ಮಿಯಾನಿಗೆ ಹಳೆಯ ಸ್ನೇಹಿತ. ಹೊರಜಗಲಿಯಲ್ಲಿ ಕೂತು ಹುಕ್ಕಾ ಸೇದುತ್ತಾ ಅವನು ವಿಷಯ ಹೇಳಿದ.

"ಇವನು ಬೇರೆಯವರ ಹಾಗಲ್ಲ ಉಸ್ತಾದ್. ಗೋಡೇಲಿ ತೂಗುಹಾಕೋಕೆ ಕೇಳ್ತಿಲ್ಲ. ಮೋತಿ ಮಸೀದಿಯ ಮುಂಭಾಗ ಅಲ್ಲಲ್ಲಿ ಸಡಿಲ ಆಗಿದೆಯಂತೆ, ರಿಪೇರಿ ಮಾಡಿಸ್ಬೇಕಂತೆ. ಒಂದೊಂದು ಕಲ್ಲೂ ಕಾಣ್ಬೇಕು ಅಂತಾನೆ. ಯಾವ ಕಲ್ಲು ಎಲ್ಲಿ ಮುಗೀತು, ಮುಂದಿಂದು ಎಲ್ಲಿ ಶುರುವಾಯ್ತು, ಎಲ್ಲಾ."

"ಸಂದು ಕಾಣಿಸ್ಬೇಕಾ?" ಬಾಕರ್ ಮಿಯಾ ನಕ್ಕರು. "ಆ ಕಲ್ಲಲ್ಲಿ ಸಂದು ಹುಡುಕೋದು ಹಾಲಲ್ಲಿ ಗೆರೆ ಹುಡುಕಿದ ಹಾಗೆ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಬಾಕರ್ ಮಿಯಾ ಒಪ್ಪಿಕೊಂಡರು. ದಿನವೂ ಬೆಳಗ್ಗೆ ಗಂಟು ಹಾಕಿದ ಹಗ್ಗ, ಗಜದ ಗುರುತಿದ್ದ ಬಿದಿರುಕೋಲು ಹಿಡಿದು ಹೋಗುವರು, ಸಂಜೆ ಅಂಕೆಗಳ ಚೀಟಿ ತರುವರು. ಹನ್ನೊಂದನೆಯ ದಿನ ಅವರನ್ನು ಮಂಚದ ಮೇಲೆ ಹೊತ್ತು ತಂದರು. ನಿಚ್ಚಣಿಕೆ ಜಾರಿ, ಬಲದೊಡೆಯ ಮೂಳೆ ಮುರಿದಿತ್ತು. ಮೂಳೆ ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದು, ಮೂರು ತಿಂಗಳು ಅಲುಗಾಡಬೇಡಿ ಎಂದು ಹೇಳಿ ಹೋದ.

"ಅರವತ್ತರ ಹತ್ರ ಬಂದವನಿಗೆ ಕೋತಿ ಹಾಗೆ ಏಣಿ ಹತ್ತೋ ಚಪಲ," ಎಂದು ಫುಫ್ಫಿ ಬೈದಳು. ಬೈಯುತ್ತಲೇ ಅರಿಸಿನ ಹಾಕಿದ ಹಾಲನ್ನು ತಮ್ಮನ ಬಾಯಿಗೆ ಹಿಡಿದಳು.

ಹೀಗೆ ಹುರ್ಮತ್ ಮೊದಲ ಬಾರಿಗೆ ಗೆರೆಯನ್ನೂ ತಾನೇ ಎಳೆಯಬೇಕಾಯಿತು. ಒಂದು ಆಳಿನುದ್ದದ ವಿಲಾಯಿತಿ ಕಾಗದವನ್ನು ಹಲಗೆಗೆ ಅಂಟಿಸಿ, ತಂದೆಯ ಮಂಚದ ಪಕ್ಕ ಕೂತು, ಅವರು ಚೀಟಿ ಓದಿದಂತೆ ಅಳತೆ ಇಡುತ್ತಾ ಹೋದಳು. ಏಳು ಕಮಾನು, ನಡುವೆ ಕಂಬಗಳು, ಎರಡು ಕೊನೆ. ಎರಡನೆಯ ದಿನ ಮಧ್ಯಾಹ್ನ ಕೈ ನಿಲ್ಲಿಸಿದಳು.

"ಅಬ್ಬಾ, ಎಲ್ಲಾ ಸೇರಿಸಿದ್ರೆ ಒಟ್ಟು ಉದ್ದ ಬರ್ತಿಲ್ಲ. ಮುಕ್ಕಾಲು ಗಜ ಕಮ್ಮಿ."

"ಮತ್ತೆ ಎಣಿಸು."

"ಮೂರು ಸಲ ಎಣಿಸಿದೆ."

"ಅಂದ್ರೆ, ಶಾಹಜಹಾನ್ ಬಾದಶಹರ ಕೆಲಸಗಾರರು ತಪ್ಪು ಮಾಡಿದ್ರು ಅಂತೀಯಾ?"

"ಅವರು ತಪ್ಪಿಲ್ಲ ಅಬ್ಬಾ. ನೀವು ತಪ್ಪಿದೀರಿ."

ಬಾಕರ್ ಮಿಯಾನ ಮುಖ ಕೆಂಪೇರಿತು. ನಲವತ್ತು ವರ್ಷ ಹಗ್ಗ ಹಿಡಿದವನಿಗೆ ಹೊಸ್ತಿಲು ದಾಟದ ಹುಡುಗಿ ಪಾಠ ಹೇಳುವುದೇ? ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಸಂಜೆಯ ರೊಟ್ಟಿಯನ್ನೂ ಮುಟ್ಟಲಿಲ್ಲ.

ಅದು ಸಾವನ್, ಶ್ರಾವಣದ ತಿಂಗಳು. ಅಂಗಳದ ಬೇವಿನ ಕೊಂಬೆಗೆ ಫುಫ್ಫಿ ನೆರೆಯ ಹುಡುಗಿಯರಿಗಾಗಿ ಜೋಕಾಲಿ ಕಟ್ಟಿಸಿದ್ದಳು. ಮರುದಿನ ಮಳೆ ನಿಂತ ಮೇಲೆ ತಾನೇ ಅದರಲ್ಲಿ ಕೂರಲು ಹೋಗಿ ಗೊಣಗಿದಳು: "ನೋಡು, ನಿನ್ನೆ ಕಾಲು ನೆಲಕ್ಕೆ ತಾಗ್ತಿತ್ತು. ಮಳೆ ಬಂದರೆ ಸಾಕು, ಈ ಹಾಳು ಜೋಕಾಲಿ ಮೇಲಕ್ಕೇರತ್ತೆ. ಮುದುಕಿ ಹತ್ತೋದು ಹೇಗೆ?"

ಹುರ್ಮತ್ ಕುಂಚ ಕೆಳಗಿಟ್ಟು ಎದ್ದಳು. ಜೋಕಾಲಿಯ ಹಗ್ಗವನ್ನು ಹಿಂಡಿದಳು. ನೀರು ಕುಡಿದು ಬಿಗಿದುಕೊಂಡಿತ್ತು. ಅಲ್ಲಿಂದಲೇ ಕೂಗಿ ಕೇಳಿದಳು: "ಅಬ್ಬಾ, ಒಟ್ಟು ಉದ್ದ ಅಳೆದಿದ್ದು ಯಾವತ್ತು?"

"ಮೊದಲನೇ ಮಳೆ ಬಂದ ಮರುದಿನ. ಯಾಕೆ?"

"ಹಗ್ಗ ಒದ್ದೆಯಾಗಿತ್ತಾ?"

ಹಗ್ಗ ಒದ್ದೆಯಾಗಿಯೇ ಇತ್ತು. ಕಮಾನುಗಳನ್ನು ಅಳೆದದ್ದು ಬಿದಿರುಕೋಲಿನಿಂದ, ಬಿದಿರು ಮುದುಡುವುದಿಲ್ಲ. ಒಟ್ಟು ಉದ್ದವನ್ನು ಮಾತ್ರ ಹಗ್ಗದಿಂದ, ನೀರು ನಿಂತ ನೆಲದ ಮೇಲೆಳೆದು ಅಳೆದಿದ್ದರು. ಹಗ್ಗ ಮುದುಡಿದಷ್ಟೂ ಮಸೀದಿ ಉದ್ದವಾಗಿತ್ತು.

"ಬೇಟೀ, ಇಲ್ಲಿ ಬಾ," ಎಂದರು ಬಾಕರ್ ಮಿಯಾ. ಬಂದವಳ ತಲೆಯ ಮೇಲೆ ಕೈಯಿಟ್ಟರು.

ಆದರೂ ಸರಿಯಾದ ಉದ್ದ ಎಷ್ಟೆಂದು ಒಣಹಗ್ಗದಿಂದ ನೋಡಲೇಬೇಕಿತ್ತು. ಕಲ್ಲಿನ ಸಂದುಗಳನ್ನಂತೂ ಅವರು ಗುರುತು ಮಾಡಲು ಶುರುವೇ ಮಾಡಿರಲಿಲ್ಲ. ಬೇರೆ ಚಿತ್ರಗಾರರನ್ನು ಕಳಿಸಿದರೆ ಅಳೆದು ತಂದಾರು, ಆದರೆ ಬಾಕರ್ ಅಲಿಯ ಅಳತೆ ತಪ್ಪಿತ್ತಂತೆ ಎಂದು ಇಡೀ ತಾಜಗಂಜದಲ್ಲಿ ಡಂಗುರ ಹೊಡೆದಾರು.

"ನಾವೇ ಹೋಗ್ತೀವಿ," ಎಂದಳು ಫುಫ್ಫಿ.

"ಎಲ್ಲಿಗೆ?"

"ಕೋಟೆಗೆ. ನಾನು, ಹುರ್ಮತ್. ಡೋಲಿ ತರಿಸು."

"ತಲೆ ಕೆಟ್ಟಿದೆಯಾ ಆಪಾ? ಪಲ್ಟನ್ ಇರೋ ಜಾಗ ಅದು!"

"ಬಾದಶಹರ ಬೇಗಮರು ನಮಾಜ್ ಮಾಡ್ತಿದ್ದ ಮಸೀದಿ ಅಲ್ವಾ ಅದು? ಅಲ್ಲಾಹನ ಮನೆಗೆ ಹೋಗೋಕೆ ನನಗೆ ಯಾವ ಪಲ್ಟನ್ನಿನ ಅಪ್ಪಣೆ ಬೇಕು? ಬೇಕಿದ್ದರೆ ನಿನ್ನ ಮುನ್ಶಿಗೆ ಹೇಳಿ ಚೀಟಿ ಬರೆಸು."

ಮುನ್ಶಿ ಬೇನಿಪ್ರಸಾದ ಪರವಾನಗಿ ಬರೆಸಿಕೊಟ್ಟ: ಮರ್ಯಾದಸ್ತರ ಮನೆಯ ಇಬ್ಬರು ಹೆಂಗಸರು ಪ್ರಾರ್ಥನೆಗೆ ಬರುತ್ತಾರೆ, ತಡೆಯಬಾರದು. ಹಗ್ಗದ ವಿಷಯ ಬರೆಯಲಿಲ್ಲ. ಹಗ್ಗವನ್ನು ಫುಫ್ಫಿ ಬುರ್ಖಾದ ಒಳಗೆ ಸೊಂಟಕ್ಕೆ ಸುತ್ತಿಕೊಂಡಳು. ಡೋಲಿ ಹೊರುವವರು "ಅಮ್ಮಾಜಿ ಈ ವರ್ಷ ದಪ್ಪ ಆಗಿದಾರೆ" ಎಂದು ಗೊಣಗಿದಾಗ ಹುರ್ಮತ್ ಪರದೆಯೊಳಗೆ ಬಾಯಿ ಮುಚ್ಚಿಕೊಂಡು ನಕ್ಕಳು.

ಮಸೀದಿಯ ಹೊರಮುಖವೂ ಕೋಟೆಯ ಹಾಗೆ ಕೆಂಪು. ಮೂಡಣ ಬಾಗಿಲಿಗೆ ಕಡಿದಾದ ಮೆಟ್ಟಿಲುಗಳು. ಫುಫ್ಫಿ ಪ್ರತಿ ಮೆಟ್ಟಿಲಿಗೂ ಕಟ್ಟಿಸಿದವರ ನಡು ಮುರಿಯಲಿ ಎಂದು ಶಾಪ ಹಾಕುತ್ತಾ ಹತ್ತಿದಳು. ಹೊಸದೇನನ್ನೂ ನೋಡಲಿಕ್ಕಿಲ್ಲ ಎಂದು ಹುರ್ಮತ್ ತನಗೆ ತಾನೇ ಹೇಳಿಕೊಂಡಳು. ಮೂವತ್ತೊಂದು ಸಲ ತುಂಬಿದ ಚಿತ್ರ. ಯಾವ ಕಮಾನಿಗೆ ಎಷ್ಟು ಬಳುಕು, ಯಾವ ಗುಮ್ಮಟದ ನೆತ್ತಿ ಎಷ್ಟು ಮೇಲೆ, ಎಲ್ಲ ಬೆರಳಿನಲ್ಲಿತ್ತು. ಬಾಗಿಲ ಕತ್ತಲೆಯೊಳಗೆ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟಳು.

ಆಮೇಲೆ ಅವಳಿಗೆ ಮುಂದಕ್ಕೆ ಹೋಗಲಾಗಲಿಲ್ಲ.

ಬೆಳಕು ಎದುರಿಗೆ ಬಂದು ನಿಂತಿತ್ತು. ನೆಲ, ಗೋಡೆ, ಸುತ್ತಲ ಮೊಗಸಾಲೆ, ಕಂಬ, ಗುಮ್ಮಟ, ಎಲ್ಲ ಒಂದೇ ಕಲ್ಲು. ಇಡೀ ಅಂಗಳ ಆಕಾಶಕ್ಕೆ ಹಿಡಿದ ಬಟ್ಟಲಿನ ಹಾಗಿತ್ತು. ನಡುವಿನ ಕೊಳದಲ್ಲಿ ಒಂದು ಮೋಡ ನಿಂತಿತ್ತು. ಅವಳ ಹಾಳೆಗಳಲ್ಲಿ ಇದ್ದದ್ದು ಏಳು ಕಮಾನು ಮಾತ್ರ, ಅವುಗಳ ಒಳಗೆ ಬೂದುಬಣ್ಣ. ಇಲ್ಲಿ ಆ ಏಳರ ಹಿಂದೆ ಮತ್ತೊಂದು ಸಾಲು, ಅದರ ಹಿಂದೆ ಇನ್ನೊಂದು ಸಾಲು. ಅವಳು ತಲೆ ಚೂರು ಅಲುಗಿಸಿದರೆ ಕಮಾನುಗಳೂ ಒಂದರ ಹಿಂದೊಂದು ಸರಿದು ದಾರಿ ಬಿಡುತ್ತಿದ್ದವು. ಕಾಗದದ ಮೇಲೆ ಇದೆಲ್ಲ ಒಂದು ಬೆರಳಿನ ದಪ್ಪವೂ ಇರಲಿಲ್ಲವಲ್ಲ ಎಂದುಕೊಂಡಳು.

ಆದರೆ ಅವಳನ್ನು ತಡೆದು ನಿಲ್ಲಿಸಿದ್ದು ನೆರಳು. ಕಮಾನಿನ ಒಳಮೈ ಬೂದು ಬಣ್ಣವಾಗಿರಲಿಲ್ಲ. ಬಿಸಿಲು ಬಿಳಿ ನೆಲಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ ಮೇಲೇರಿ, ಕಮಾನಿನ ಹೊಟ್ಟೆಯನ್ನೆಲ್ಲ ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಸೂರ್ಯ ಸೋಕದ ಕಡೆಯೇ ಕಲ್ಲು ಹೆಚ್ಚು ಬೆಚ್ಚಗೆ, ಒಳಗೊಂದು ದೀಪವಿದ್ದ ಹಾಗೆ, ಹೊಳೆಯುತ್ತಿತ್ತು. ಬಿಸಿಲು ನೇರವಾಗಿ ಬಿದ್ದ ಕಡೆ ನೋಡಿದರೆ ತಣ್ಣನೆಯ ನೀಲಿ ಛಾಯೆ. ಹದಿನೈದು ವರ್ಷ ತಾನು ಬೂದುಬಣ್ಣ ಸೋಕಿಸಿದ ಕಡೆಯಲ್ಲೆಲ್ಲ ಅಲ್ಲಾಹ್ ಬೆಳಕನ್ನೇ ಇಟ್ಟಿದ್ದ.

ಅವಳಿಗೆ ಗೊತ್ತಿಲ್ಲದೆಯೇ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪಕ್ಕಕ್ಕೆ ತಿರುಗಿದಳು. ಜೀವಮಾನದಲ್ಲಿ ಬಾಯಿ ಮುಚ್ಚದ ನಸೀಬನ್ ಫುಫ್ಫಿ ಬುರ್ಖಾದ ಮುಸುಕೆತ್ತಿ, ಬಾಯಿ ತೆರೆದು ಸುಮ್ಮನೆ ನಿಂತಿದ್ದಳು. ಕೊನೆಗೆ ಪಿಸುಗುಟ್ಟಿದಳು: "ಏ ಹುಡುಗೀ, ಇಲ್ಲಿ ಉಸಿರು ಬಿಡೋಕೂ ಹೆದರಿಕೆ ಆಗತ್ತೆ ಕಣೇ. ಕಲೆ ಆಗಿಬಿಟ್ಟರೆ?"

"ಬಿಡಿ ಬೀಬೀ, ಬಿಡಿ. ದಿನಾ ನಾನೇ ಗುಡಿಸೋದು," ಎಂದಿತು ಒಂದು ದನಿ.

ಕಂಬದ ಹಿಂದಿನಿಂದ ಒಬ್ಬ ಮುದುಕ ಬಂದ, ಕೈಯಲ್ಲಿ ಪೊರಕೆ. ಮಸೀದಿಯನ್ನು ನೋಡಿಕೊಳ್ಳುವ ಬುಂದೂ ಮಿಯಾ. ಕಣ್ಣಿಗೆ ಪೊರೆ ಬಂದು ಅರೆಗುರುಡ. ಆದರೂ ಅಂಗಳದಲ್ಲಿ ಎಲ್ಲೂ ತಡವದೆ ನಡೆಯುತ್ತಿದ್ದ.

"ನಾನು ಏಣಿಯಿಂದ ಬಿದ್ದರಲ್ಲ, ಅವರ ಮಗಳು," ಎಂದಳು ಹುರ್ಮತ್.

"ಓಹೋ, ಹಗ್ಗದ ಮಿಯಾನ ಮಗಳಾ! ಪಾಪ, ದಿನಾ ಬಂದು ನೆಲ ನೋಡ್ಕೊಂಡೇ ಓಡಾಡೋರು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನ ಕೂತಿದ್ದು ಕಾಣೆ."

ಫುಫ್ಫಿ ಸೊಂಟದಿಂದ ಹಗ್ಗ ಬಿಚ್ಚುವುದನ್ನು ಕೇಳಿಸಿಕೊಂಡು ಬುಂದೂ ಮಿಯಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ನಮಾಜಿಗೆ ಬರೋರು ಎಣಿಸೋಕೆ ತಸ್ಬೀಹ್ ಮಣಿಸರ ತರ್ತಾರೆ. ಹಗ್ಗ ತಂದೋರು ನೀವೇ ಮೊದಲು." ಆದರೂ ಹಗ್ಗದ ಒಂದು ತುದಿಯನ್ನು ತಾನೇ ಹಿಡಿದು ನಿಂತ. ಒಣನೆಲ, ಒಣಹಗ್ಗ. ಹುರ್ಮತ್ ಗಂಟು ಎಣಿಸುತ್ತಾ ಆ ಕೊನೆಯಿಂದ ಈ ಕೊನೆಗೆ ಬಂದಳು. ಬಿದಿರುಕೋಲಿನ ಅಳತೆಗಳ ಮೊತ್ತಕ್ಕೆ ಒಂದು ಬೆರಳಿನ ಅಂತರವೂ ಬರಲಿಲ್ಲ. ಮತ್ತೆ ಅಳೆದಳು. ಹಾಗೆಯೇ ಬಂತು. ಹೆಸರು ಬರೆದಿಡದೆ ಸತ್ತುಹೋದ ಆ ಕಲ್ಲುಕೆಲಸದವರ ಕೈಗಳನ್ನು ನೆನೆದು ಅವಳಿಗೆ ಮೈ ಜುಮ್ಮೆಂದಿತು.

ಉಳಿದದ್ದು ಸಂದು. ಕಂಬದ ಮೈ ಸವರಿದಳು, ಬೆರಳಿಗೆ ಸಿಗಲಿಲ್ಲ. ಉಗುರಿನಿಂದ ಹುಡುಕಿದಳು, ಉಗುರೂ ಎಲ್ಲೂ ತೊಡಕಲಿಲ್ಲ. ಕಣ್ಣನ್ನು ಕಲ್ಲಿಗೆ ಹತ್ತಿರ ತಂದರೆ ಕಲ್ಲಿನ ನರಗಳು ಕಾಣುತ್ತಿದ್ದವು, ಸಂದು ಕಾಣುತ್ತಿರಲಿಲ್ಲ.

"ಹಾಗೆ ನೋಡಿದ್ರೆ ಕಾಣಲ್ಲ ಮಗಳೇ," ಎಂದ ಬುಂದೂ ಮಿಯಾ. "ನನಗೆ ಕಣ್ಣು ಚೆನ್ನಾಗಿದ್ದಾಗ ನೋಡಿದೀನಿ. ತಡಿ."

ಕೊಳದಿಂದ ಒಂದು ತಂಬಿಗೆ ನೀರು ತಂದು ಕಂಬದ ಬುಡಕ್ಕೆ ಚೆಲ್ಲಿದ. ಕಲ್ಲು ಒದ್ದೆಯಾಗಿ ಮಸುಕಾಯಿತು, ಅಷ್ಟೆ. "ಈಗ ನೋಡ್ತಾ ಇರು. ಕಣ್ಣು ಮಿಟುಕಿಸ್ಬೇಡ." ಬಿಸಿಲಿಗೆ ಕಲ್ಲು ಒಣಗತೊಡಗಿತು. ಮೈಯೆಲ್ಲ ಬೆಳ್ಳಗಾದ ಮೇಲೂ ಒಂದೇ ಒಂದು ಕಡೆ ಕೂದಲೆಳೆಯಂಥ ಕಪ್ಪು ಗೆರೆ ಉಳಿಯಿತು. ಸಂದಿಗೆ ಇಳಿದ ನೀರು ಎಲ್ಲಕ್ಕಿಂತ ಕೊನೆಗೆ ಒಣಗುತ್ತಿತ್ತು. ಹತ್ತು ಎಣಿಸುವುದರೊಳಗೆ ಗೆರೆ ಮಾಯವಾಯಿತು.

ಕೈಗೆ ನಿಲುಕುವ ಎತ್ತರದವರೆಗಿನ ಕಲ್ಲುಗಳನ್ನು ಅವಳು ಹೀಗೆ ನಾಲ್ಕು ಭೇಟಿಗಳಲ್ಲಿ ಗುರುತು ಮಾಡಿಕೊಂಡಳು. ಮಧ್ಯಾಹ್ನದ ನಮಾಜಿಗೆ ಸಿಪಾಯಿಗಳು ಬಂದರೆ, ಹಿಂದೆ ಅರಮನೆಯ ಹೆಂಗಸರಿಗಾಗಿ ಮಾಡಿದ್ದ ಪಕ್ಕದ ಕೋಣೆಯೊಳಗೆ ಹೋಗಿ, ಕಲ್ಲಿನ ಜಾಲಂದ್ರದ ಹಿಂದೆ ತಾವೂ ನಮಾಜ್ ಮಾಡಿ, ಅವರು ಹೋದ ಮೇಲೆ ಮತ್ತೆ ಹೊರಗೆ ಬರುವರು. ಆದರೆ ಮೇಲಿನ ಕಲ್ಲುಗಳಿಗೆ ನೀರೆರೆಯುವವರು ಯಾರು?

ಐದನೆಯ ಸಲ ಹೋದ ದಿನ ಮೂಡಣ ಗಾಳಿ ಎದ್ದಿತು. ಆ ಸೀಮೆಯಲ್ಲಿ ಮಳೆ ತರುವುದು ಅದೇ. ಕೋಟೆಯ ಮೇಲೆ ಮೋಡ ಕವಿದು, ಇಬ್ಬರೂ ಓಡಿ ಎದುರಿನ ಮೊಗಸಾಲೆ ಸೇರುವಷ್ಟರಲ್ಲಿ ಮಳೆ ಅಡ್ಡಡ್ಡ ಬಡಿಯತೊಡಗಿತು. ಮಸೀದಿಯ ಮುಖ ಇರುವುದು ಮೂಡಣಕ್ಕೆ. ಚಾಚಿದ ಸೂರಿದ್ದರೂ ಗಾಳಿಯ ಹೊಡೆತಕ್ಕೆ ಇಡೀ ಮುಂಭಾಗ, ಕಂಬದ ಬುಡದಿಂದ ಸೂರಿನಡಿ ಕೂರಿಸಿದ್ದ ಕರಿಕಲ್ಲಿನ ಅಕ್ಷರಗಳ ಸಾಲಿನವರೆಗೆ, ತೊಯ್ದು ಹೋಯಿತು. ಒಂದು ಗಳಿಗೆ ಹೊಡೆದು ಮಳೆ ಹೇಗೆ ಬಂತೋ ಹಾಗೆಯೇ ನಿಂತಿತು. ಮೋಡ ಹರಿದು ಬಿಸಿಲು ಬಿತ್ತು.

"ಹುರ್ಮತ್," ಎಂದಳು ಫುಫ್ಫಿ, "ಅಲ್ಲಿ ನೋಡು!"

ಮಸೀದಿ ಒಣಗುತ್ತಿತ್ತು. ಒಂದೇ ಕಲ್ಲಿನಲ್ಲಿ ಕಡೆದಂತಿದ್ದ ಗೋಡೆಯ ಮೇಲೆ ಗೆರೆಗಳು ಒಂದೊಂದಾಗಿ ಏಳುತ್ತಿದ್ದವು. ಮೊದಲು ಕಮಾನಿನ ನೆತ್ತಿಯಲ್ಲಿ, ಆಮೇಲೆ ಅದರ ಎರಡು ಬದಿಗೆ, ಆಮೇಲೆ ಕಂಬದಿಂದ ಕಂಬಕ್ಕೆ. ಕೊನೆಗೆ ಏಳು ಕಮಾನುಗಳ ಇಡೀ ಮುಖದ ಮೇಲೆ, ಅಂಗೈಯ ರೇಖೆಗಳ ಹಾಗೆ, ಸಾವಿರಾರು ಕೂದಲೆಳೆಗಳ ಜಾಲವೊಂದು ಮೂಡಿ ನಿಂತಿತು. ಪ್ರತಿಯೊಂದು ಕಲ್ಲೂ ತಾನು ಬೇರೆ ಎಂದು ಹೇಳುತ್ತಿತ್ತು. ಯಾವ ಕೈ ಯಾವ ಕಲ್ಲನ್ನು ಎಲ್ಲಿಟ್ಟಿತು, ಎಲ್ಲಿ ಚೂರು ಕೊಯ್ದು ಕೂರಿಸಿತು, ಎಲ್ಲ ಕಣ್ಣೆದುರಿಗಿತ್ತು. ಆ ಕಲ್ಲುಕೆಲಸದ ಜನ ಮಸೀದಿಯನ್ನು ಈಗಷ್ಟೇ ಕಟ್ಟಿ ಕೆಳಗಿಳಿದಂತಿತ್ತು.

ಅವಳು ಕಾಗದ ತೆಗೆದಳು. "ಯಾ ಅಲ್ಲಾಹ್, ಇನ್ನು ಸ್ವಲ್ಪ ಹೊತ್ತು," ಎಂದುಕೊಳ್ಳುತ್ತಾ ಹುರ್ಮತ್ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಹೋದಳು. ಮುಸುಕು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ಐದನೆಯ ಕಮಾನಿಗೆ ಬರುವಷ್ಟರಲ್ಲಿ ಮೊದಲನೆಯದು ಅಳಿಸಿಹೋಗಿತ್ತು. ಏಳನೆಯದರ ಕೊನೆಯ ಕಲ್ಲನ್ನು ಗುರುತು ಮಾಡಿ ತಲೆಯೆತ್ತಿದರೆ, ಎದುರಿಗೆ ಮತ್ತೆ ಸಂದಿಲ್ಲದ ಬಿಳುಪು.

"ಕಂಡಿತಾ?" ಎಂದು ಕೇಳಿದ ಬುಂದೂ ಮಿಯಾ.

"ಕಂಡಿತು ಚಾಚಾ. ಎಲ್ಲಾ ಕಂಡಿತು."

"ನಾನು ಕೊನೇ ಸಲ ನೋಡಿ ಒಂಬತ್ತು ವರ್ಷ ಆಯ್ತು," ಎಂದ ಮುದುಕ. "ಮಳೆ ನಿಂತಾಗೆಲ್ಲಾ ಇಲ್ಲಿ ಬಂದು ನಿಲ್ತೀನಿ. ಕಾಣಲ್ಲ. ಕಾಣದಿದ್ರೂ ಈಗ ಮೂಡ್ತಿದೆ ಅಂತ ಗೊತ್ತಾಗತ್ತೆ."

ಮನೆಗೆ ಬಂದು ಎರಡು ತಿಂಗಳು ಅವಳು ಆ ಹಾಳೆಯ ಮುಂದಿನಿಂದ ಏಳಲಿಲ್ಲ. ಗೆರೆಗಳಾದ ಮೇಲೆ ನೆರಳಿನ ಸರದಿ ಬಂದಾಗ ಬೂದುಬಣ್ಣ ಕಲಸಿಟ್ಟ ಚಿಪ್ಪನ್ನು ಪಕ್ಕಕ್ಕೆ ಸರಿಸಿ, ಕೇಸರಿಯ ಎಸಳನ್ನು ನೀರಿನಲ್ಲಿ ಅದ್ದಿ, ಅದಕ್ಕೆ ಗೋರೋಚನದ ಒಂದು ತೊಟ್ಟು ಸೇರಿಸಿ, ಮತ್ತೆ ನೀರು ಬೆರೆಸಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಕಮಾನಿನ ಒಳಮೈಗೆ ಸೋಕಿಸಿದಳು. ಬಿಸಿಲಿನ ಕಡೆಗೆ ನೀಲಿಯ ನೆನಪಿನಷ್ಟೇ ನೀಲಿ.

ದಿಂಬಿಗೆ ಒರಗಿ ಕೂರುವಂತಾಗಿದ್ದ ಬಾಕರ್ ಮಿಯಾ ಅದನ್ನು ನೋಡಿ ಕೂಗಿದರು: "ಇದೇನು ಮಾಡ್ತಿದೀಯಾ? ನೆರಳಿಗೆ ಯಾರಾದ್ರೂ ಕೇಸರಿ ಹಾಕ್ತಾರಾ? ಬಿರಿಯಾನಿ ಅಂದ್ಕೊಂಡ್ಯಾ?"

"ಅಲ್ಲಿ ಇರೋದು ಹಾಗೇ ಅಬ್ಬಾ."

"ನಲವತ್ತು ವರ್ಷದಿಂದ ನೋಡ್ತಿದೀನಿ ನಾನು!"

"ಕಣ್ಣು ಮುಚ್ಚಿ. ಹಗಲಿನ ಎರಡನೇ ಜಾವ ಅಂದ್ಕೊಳ್ಳಿ. ನಡುವಿನ ಕಮಾನಿನ ಕೆಳಗೆ ನಿಂತು ಮೇಲೆ ನೋಡಿ. ಯಾವ ಬಣ್ಣ?"

ಬಾಕರ್ ಮಿಯಾ ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದ ಮೇಲಿನ ಸಿಟ್ಟು ಹೋಗಿತ್ತು.

"ಗೊತ್ತಿಲ್ಲ," ಎಂದರು. "ನಾನು ಮೇಲೆ ನೋಡೇ ಇಲ್ಲ ಬೇಟೀ. ಕೋಲು ನೋಡ್ತಿದ್ದೆ."

ಹಾಳೆ ಮುಗಿದ ಮೇಲೆ ಸಾಹೇಬ ತಾನೇ ಓಣಿಗೆ ಬಂದ. ಹೊರಕೋಣೆಯಲ್ಲಿ ಬಾಕರ್ ಮಿಯಾ ಮಂಚದ ಮೇಲೆ, ಮುನ್ಶಿ ಪಕ್ಕದಲ್ಲಿ. ಒಳಬಾಗಿಲ ಪರದೆಯ ಹಿಂದೆ ಹುರ್ಮತ್ ಮತ್ತು ಫುಫ್ಫಿ. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರು. ಸಾಹೇಬ ಟೊಪ್ಪಿ ತೆಗೆದ. ಆಮೇಲೆ ಮಂಡಿಯೂರಿದ. ಆಮೇಲೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ, ಎಲ್ಲಿ ಮುಟ್ಟಿಬಿಡುತ್ತೇನೋ ಎನ್ನುವವನ ಹಾಗೆ.

ಕೊನೆಗೆ ಸಾಹೇಬ ತನ್ನ ಮುರುಕು ಹಿಂದೂಸ್ತಾನಿಯಲ್ಲಿ ಕೇಳಿದ: "ಉಸ್ತಾದ್, ನಾನು ದಿವಸಾ ಅಲ್ಲಿ ಹೋಗ್ತೀನಿ. ದೂರದರ್ಶಕ ಇಟ್ಟು ನೋಡಿದೆ. ಈ ಸಂದು ನನಗೆ ಕಾಣಲಿಲ್ಲ. ನಿಮಗೆ ಹ್ಯಾಗೆ ಕಾಣಿತು?"

ಮುನ್ಶಿ ಬೇನಿಪ್ರಸಾದ ಸ್ನೇಹಿತನ ಮುಖ ನೋಡಿದ. ಹದಿನೈದು ವರ್ಷ ಊರು ಬಾಕರ್ ಮಿಯಾನ ಬಿಳುಪು ಎಂದದ್ದನ್ನು ಬಾಕರ್ ಮಿಯಾ ತಿದ್ದಿರಲಿಲ್ಲ. ಇವತ್ತೂ ತಿದ್ದಬೇಕಾಗಿರಲಿಲ್ಲ.

"ನನಗೆ ಕಾಣಲಿಲ್ಲ ಸಾಹೇಬ್," ಎಂದರು ಬಾಕರ್ ಮಿಯಾ. "ನಾನು ಏಣಿಯಿಂದ ಬಿದ್ದವನು. ಕಂಡಿದ್ದು ನನ್ನ ಮಗಳಿಗೆ. ಗೆರೆ ಅವಳದ್ದು, ಬಣ್ಣ ಅವಳದ್ದು. ಇಷ್ಟು ವರ್ಷ ನೀವೆಲ್ಲಾ ನನ್ನದು ಅಂದ್ಕೊಂಡ ಬಣ್ಣಾನೂ ಅವಳದ್ದೇ."

ಪರದೆಯ ಹಿಂದೆ ಫುಫ್ಫಿ ಹುರ್ಮತ್‌ಳ ಮುಂಗೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

ಸಾಹೇಬ ಎದ್ದು ನಿಂತ. ಪರದೆಯ ಕಡೆ ತಿರುಗಿ, ದೊಡ್ಡವರ ಮುಂದೆ ಬಾಗುವಂತೆ ತಲೆ ಬಾಗಿಸಿದ. ಏನು ಬೇಕು ಕೇಳಲಿ ಎಂದ.

ಫುಫ್ಫಿ ತಿವಿದಳು. "ಪರವಾನಗಿ," ಎಂದಳು ಹುರ್ಮತ್ ಪರದೆಯೊಳಗಿಂದ. "ಬೇಕಾದಾಗ ಮಸೀದಿಗೆ ಹೋಗೋಕೆ. ಯಾವತ್ತಿಗೂ."

ಅದನ್ನು ಮೊಹರು ಹಾಕಿ ಬರೆದುಕೊಟ್ಟರು. ಹಾಳೆ ಕಚೇರಿಗೆ ಹೋಯಿತು. ರಿಪೇರಿ ಮುಗಿದ ಮೇಲೆ ಹಡಗು ಹತ್ತಿತು ಎಂದು ಮುನ್ಶಿ ಹೇಳಿದ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಅದರ ಕೆಳಮೂಲೆಯಲ್ಲಿ ಬಾಕರ್ ಮಿಯಾ ತಮ್ಮ ಕೈಯಾರೆ, ಎಳ್ಳುಕಾಳಿನಷ್ಟು ಸಣ್ಣ ಫಾರಸಿ ಅಕ್ಷರದಲ್ಲಿ ಮಗಳ ಹೆಸರು ಬರೆದಿದ್ದರು. ಆಮೇಲಿನ ವರ್ಷಗಳಲ್ಲಿ ಓಣಿಯ ಹುಡುಗಿಯರು ಬಣ್ಣ ಕಲಿಯಲು ಹುರ್ಮತ್‌ಳ ಬಳಿಗೆ ಬಂದರು. ಅವರಿಗೆ ಅವಳು ಮೊದಲ ವಾರ ಕುಂಚವನ್ನೇ ಕೊಡುತ್ತಿರಲಿಲ್ಲ. ಡೋಲಿಯಲ್ಲಿ ಕೂರಿಸಿ ಕೋಟೆಗೆ ಕರೆದೊಯ್ದು ಅಂಗಳದಲ್ಲಿ ಕೂರಿಸುತ್ತಿದ್ದಳು.

ಚಳಿ ಮುಗಿದು ಕೋಲು ಊರಿ ನಡೆಯುವಂತಾದಾಗ ಬಾಕರ್ ಮಿಯಾ ಒಂದು ದಿನ ತಾವಾಗಿಯೇ "ನನ್ನನ್ನೂ ಕರ್ಕೊಂಡು ಹೋಗು" ಎಂದರು. ಆ ಕಡಿದಾದ ಮೆಟ್ಟಿಲುಗಳನ್ನು ಕೂತು ಎದ್ದು, ಮಗಳ ಭುಜ ಹಿಡಿದು ಹತ್ತಿದರು. ಕೈಯಲ್ಲಿ ಹಗ್ಗವಿರಲಿಲ್ಲ. ನಡುವಿನ ಕಮಾನಿನ ಕೆಳಗೆ ಬುಂದೂ ಮಿಯಾ ಚಾಪೆ ಹಾಸಿಕೊಟ್ಟ. ಬಾಕರ್ ಮಿಯಾ ಅದರ ಮೇಲೆ ಕಾಲು ಚಾಚಿ, ಅಂಗಾತ ಮಲಗಿಬಿಟ್ಟರು.

"ಎದ್ದೇಳಿ ಅಬ್ಬಾ, ಮಸೀದಿಯಲ್ಲಿ ಹೀಗೆ ಮಲಗ್ತಾರಾ?"

"ಸುಮ್ನಿರು," ಎಂದರು ಅವರು, ಕಣ್ಣು ಮೇಲಿಂದ ತೆಗೆಯದೆ. "ನೋಡ್ತಿದೀನಿ."

ಹುರ್ಮತ್ ಪಕ್ಕದಲ್ಲಿ ಕೂತಳು. ನೆಲದ ಬಿಸಿಲು ಮೇಲೇರಿ ಕಮಾನಿನಲ್ಲಿ ನಿಂತಿತ್ತು. ಮಧ್ಯಾಹ್ನದ ಅಜಾನ್ ಆಗುವವರೆಗೂ ಬಾಕರ್ ಮಿಯಾ ಏಳಲಿಲ್ಲ.